ಬಾಗಿಲ ಚೌಕಟ್ಟಿನ ತಾಮ್ರದ ಡಬ್ಬಿ

ಟಲ್ಸಾ, ಓಕ್ಲಹೋಮಾ
ಫೆಬ್ರವರಿ 3, 2025

ಮುದ್ದು ಆಮೋಸ್,

ಕಾಲೇಜು ಹುಡುಗನಿಗೆ ಕೈಯಲ್ಲಿ ಪತ್ರ ಬರೆಯುವುದು ಶಿಕ್ಷೆ ಎಂದು ನನಗೆ ಗೊತ್ತು. ಆದರೆ ಫೋನಿನಲ್ಲಿ ನೀನು ಹೇಳುವುದು ಈ ಕಿವಿಗೆ ಅರ್ಧವೂ ಬೀಳುವುದಿಲ್ಲ. ಮೂರು ವರ್ಷದವನಿದ್ದಾಗಿನಿಂದ ಸಾಕಿದ ಅಜ್ಜಿಗೆ ತಿಂಗಳಿಗೊಂದು ಕಾಗದ ಬರೆದರೆ ನಿನ್ನ ಬೆರಳೇನೂ ಸವೆಯುವುದಿಲ್ಲ.

ನಿನ್ನೆ ಚರ್ಚಿನಲ್ಲಿ ಇಸ್ರೇಲಿಗಾಗಿ ಪ್ರಾರ್ಥಿಸುವ ಇಸ್ರೇಲ್ ಭಾನುವಾರ. ವೇದಿಕೆಯ ಮೇಲೆ ನಮ್ಮ ದೇಶದ್ದೂ ಇಸ್ರೇಲಿನದೂ ಎರಡೂ ಬಾವುಟ ನಿಲ್ಲಿಸಿದ್ದರು. ಟಗರಿನ ಕೊಂಬು ಊದಿದ್ದು ಈ ಸಲ ಡೀಕನ್ ಹಾಯ್ಟ್. ನಿನ್ನ ತಾತ ಊದಿದರೆ ಕಿಟಕಿ ನಡುಗುತ್ತಿತ್ತು, ಹಾಯ್ಟ್ ಊದಿದರೆ ಹೊಟ್ಟೆನೋವಿನ ಹಸು ನೆನಪಾಗುತ್ತದೆ. ನಕ್ಕುಬಿಡೋಣವೆಂದು ಪಕ್ಕಕ್ಕೆ ತಿರುಗಿದರೆ ನಗಲು ಜೊತೆಗೆ ಯಾರೂ ಇಲ್ಲ. ಎಲ್ಲ ನರೆತ ತಲೆಗಳೇ. ನಿನ್ನ ವಯಸ್ಸಿನ ಒಬ್ಬರೂ ಬರಲಿಲ್ಲ. ಅವರಿಗೆಲ್ಲ ಏನಾಗಿದೆ?

ಮುಂಬಾಗಿಲಿಗೆ ಹಸಿರು ಬಣ್ಣ ಹೊಡೆಸಿದೆ. ಚೌಕಟ್ಟಿನ ತಾಮ್ರದ ಡಬ್ಬಿಯನ್ನು ತೆಗೆದು, ನಿಂಬೆ ಉಪ್ಪು ಹಾಕಿ ತಿಕ್ಕಿ, ಮತ್ತೆ ಓರೆಯಾಗಿಯೇ ಬಡಿದಿದ್ದೇನೆ. ನಾನೂ ತಾತನೂ ಪವಿತ್ರ ನಾಡಿನ ಪ್ರವಾಸಕ್ಕೆ ಹೋದಾಗ ಜೆರುಸಲೇಮಿನಲ್ಲಿ ಕೊಂಡದ್ದು. ಯೆಹೂದ್ಯರು ಅದರಲ್ಲಿ ವೇದವಾಕ್ಯ ಬರೆದಿಟ್ಟು ಬಾಗಿಲಿಗೆ ಬಡಿಯುತ್ತಾರೆಂದು ಮಾರ್ಗದರ್ಶಿ ಹೇಳಿದ್ದ. ಪುಟ್ಟವನಿದ್ದಾಗ ನಿನ್ನನ್ನು ಎತ್ತಿ ಹಿಡಿಯುತ್ತಿದ್ದೆ, ನೀನು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದೆ. ಮುಟ್ಟದೆ ಒಳಗೆ ಬರಲು ಒಪ್ಪುತ್ತಲೇ ಇರಲಿಲ್ಲ. ಎದುರು ಮನೆಯ ಥೆಲ್ಮಾ ಕ್ರಾವಿಟ್ಜ್ ಬಾಗಿಲಲ್ಲೂ ಅಂಥದೇ ಇದೆ, ಅವಳು ಯೆಹೂದ್ಯಳು, ಅವಳದು ಹುಟ್ಟಿನಿಂದ ಬಂದದ್ದು. ಇಪ್ಪತ್ತೆರಡು ವರ್ಷದಿಂದ ಅವಳಿಗಾಗಿ ಪ್ರಾರ್ಥಿಸುತ್ತಿದ್ದೇನೆ. ಕೈ ಬೀಸುತ್ತಾಳೆ, ಅಷ್ಟೆ.

ಏಪ್ರಿಲ್‌ನಲ್ಲಿ ನಮ್ಮ ಚರ್ಚು ಯೆಹೂದ್ಯರ ಹಬ್ಬದ ಕ್ರಮದಲ್ಲಿ ಮಾಡುವ ಪಸ್ಕದ ಊಟಕ್ಕೆ ಬಾ. ಊಟಕ್ಕೆ ಕೂತವರಲ್ಲಿ ಎಲ್ಲರಿಗಿಂತ ಎಳೆಯವನು ಕೇಳಬೇಕಾದ ಪ್ರಶ್ನೆಗಳನ್ನು ಪ್ರತಿ ವರ್ಷ ನೀನೇ ಕೇಳುತ್ತಿದ್ದೆ. ನೀನಿಲ್ಲದಿದ್ದರೆ ಹಾಯ್ಟನೇ ಎಳೆಯವನಾಗಬೇಕಾದೀತು.

ನಿನ್ನ ಅಜ್ಜಿ,
ಒಪಲ್


ಟೆನೆಸೀ
ಫೆಬ್ರವರಿ 20, 2025

ಅಜ್ಜಿ,

ಅವರಿಗೆಲ್ಲ ಏನಾಗಿದೆ ಎಂದು ಕೇಳಿದ್ದೀಯ. ನನಗೇನಾಗಿದೆ ಎಂದು ಹೇಳುತ್ತೇನೆ.

ಹೋದ ವಾರ ಪ್ರಾರ್ಥನಾ ಸಭೆಯಲ್ಲಿ ಅತಿಥಿಯೊಬ್ಬರು ಇಸ್ರೇಲಿನ ಹೆಸರೆತ್ತಿದರು. ಮುಂದೆ ಕೂತ ಅಧ್ಯಾಪಕರು ಚಪ್ಪಾಳೆ ತಟ್ಟಿದರು. ಹಿಂದೆ ಕೂತ ನಾವು ಯಾರೂ ಕೈ ಎತ್ತಲಿಲ್ಲ. ಅಷ್ಟು ದೊಡ್ಡ ಸಭಾಂಗಣದಲ್ಲಿ ಹತ್ತು ಜೋಡಿ ಕೈಗಳ ಸದ್ದು ಹೇಗಿರುತ್ತದೆಂದು ನೀನು ಕೇಳಬೇಕಿತ್ತು.

ನನ್ನ ತರಗತಿಯಲ್ಲಿ ರೀಮಾ ಎಂಬ ಹುಡುಗಿ ಇದ್ದಾಳೆ. ಬೆತ್ಲೆಹೇಮಿನ ಪಕ್ಕದ ಬೇತ್ ಸಹೂರ್ ಅವಳೂರು. ನಮ್ಮ ಹಾಗೇ ಕ್ರೈಸ್ತಳು. ನಮ್ಮ ಹಾಗೆ ಎನ್ನುವುದೇ ತಪ್ಪು, ನಾವೆಲ್ಲ ಮರ ಪೂಜಿಸುತ್ತಿದ್ದಾಗಲೇ ಅವರು ಕ್ರೈಸ್ತರಾಗಿದ್ದವರು. ಅವಳ ಸೋದರತ್ತೆ ಗಾಜಾದ ಯುದ್ಧದಲ್ಲಿ ಆಶ್ರಯಕ್ಕೆಂದು ಒಂದು ಚರ್ಚಿನ ಅಂಗಳದಲ್ಲಿ ಮಲಗಿದ್ದಳು, ಔಷಧಿ ಸಿಗದೆ ತೀರಿಕೊಂಡಳು. ರೀಮಾ ಇದನ್ನು ಅಳದೆ ಹೇಳಿದಳು. ನೀನೂ ತಾತನೂ ಅವಳೂರಿಗೆ ಹೋಗಿದ್ದಿರಿ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅದಕ್ಕವಳು, "ನೀವೆಲ್ಲ ಬಸ್ಸಲ್ಲಿ ಬರ್ತೀರ, ನಮ್ಮ ಸ್ವಾಮಿ ಹುಟ್ಟಿದ ಜಾಗ ನೋಡ್ತೀರ, ಬಸ್ಸಲ್ಲೇ ವಾಪಸ್ ಹೋಗ್ತೀರ. ನಾವೂ ಅಲ್ಲೇ ಇದೀವಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?" ಎಂದಳು.

ಯಾರಾದರೂ ಹೇಳಿದ್ದರೇ, ಅಜ್ಜಿ? ಹದಿನೇಳು ವರ್ಷ ನಿನ್ನ ಪಕ್ಕ ಕೂತು ಇಸ್ರೇಲಿಗಾಗಿ ಪ್ರಾರ್ಥಿಸಿದ್ದೇನೆ. ರೀಮಾಳ ಚರ್ಚಿಗಾಗಿ ಒಮ್ಮೆಯಾದರೂ ನಾವು ಕಣ್ಣು ಮುಚ್ಚಿದೆವೇ? ಜಗಳಕ್ಕೆ ಕೇಳುತ್ತಿಲ್ಲ. ನಿನ್ನಿಂದ ಉತ್ತರ ಬೇಕಾಗಿದೆ.

ಪಸ್ಕದ ಊಟಕ್ಕೆ ಬರುವುದಿಲ್ಲ. ಹಾಯ್ಟ್ ಮಾಮ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ ಬಿಡು.

ಆಮೋಸ್


ಟಲ್ಸಾ
ಮಾರ್ಚ್ 9, 2025

ಮುದ್ದು ಆಮೋಸ್,

ಈ ಸಲ ಹಿಮ ಬೇಗ ಬಿಟ್ಟಿತು. ಪೀಚ್ ಮರ ಹೂ ಬಿಟ್ಟಿದೆ, ಮತ್ತೆ ಚಳಿ ಬಂದು ಉದುರಿಸದಿದ್ದರೆ ಜೂನ್ ಕೊನೆಗೆ ಮುರಬ್ಬ ಮಾಡಬಹುದು. ನಿನಗೆ ಸಕ್ಕರೆ ಕಡಿಮೆಯದು, ಹಾಯ್ಟ್‌ಗೆ ಸಕ್ಕರೆ ಇಲ್ಲದ್ದು. ಜಗುಲಿಯ ತೂಗುಮಂಚದ ಸರಪಳಿ ಕಿರುಗುಟ್ಟುತ್ತದಂತೆ. ನನಗೆ ಕೇಳಿಸದು, ಅಂಚೆಯವಳು ಹೇಳಿದಳು. ನೀನು ಹತ್ತು ವರ್ಷದವನಿದ್ದಾಗ ಅದಕ್ಕೆ ಬಳಿದ ನೀಲಿ ಬಣ್ಣ ಇನ್ನೂ ಗಟ್ಟಿಯಾಗಿದೆ.

ಆ ಹುಡುಗಿಯ ಅತ್ತೆಯ ವಿಷಯ ಓದಿ ಬೇಸರವಾಯಿತು. ಆದರೆ ದೇವರು ಆರಿಸಿಕೊಂಡ ಜನರ ಬಗ್ಗೆ ಪ್ರಶ್ನೆ ಎತ್ತುವಷ್ಟು ದೊಡ್ಡವರು ನಾವಲ್ಲ. ಕಾಲೇಜಿಗೆ ಕಳಿಸಿದ್ದು ಓದಲಿಕ್ಕೆ, ಅಜ್ಜಿಗೆ ಪಾಠ ಹೇಳಲಿಕ್ಕಲ್ಲ.

ಒಂದು ವಿಚಿತ್ರ. ಥೆಲ್ಮಾ ತನ್ನ ಬಾಗಿಲ ಡಬ್ಬಿಯನ್ನು ಕಿತ್ತು ಒಳಗಿನ ಬದಿಗೆ ಬಡಿದುಕೊಂಡಿದ್ದಾಳೆ. ಯಾಕೆಂದು ರಸ್ತೆ ದಾಟಿ ಹೋಗಿ ಕೇಳಿದೆ. "ಕಾಲ ಸರಿಯಿಲ್ಲ, ಒಪಲ್. ನನ್ನ ಮಗಳು ದಿನಾ ಫೋನ್ ಮಾಡಿ ತೆಗಿ ತೆಗಿ ಅಂತ ಪ್ರಾಣ ತಿಂತಾಳೆ," ಎಂದಳು. ನನ್ನದು ಇದ್ದೇ ಇರುತ್ತದೆ, ಈ ಬೀದಿಯಲ್ಲಿ ಯಾರು ಏನು ಮಾಡುತ್ತಾರೆ ನೋಡಿಯೇಬಿಡೋಣ ಎಂದೆ. ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ನಿನ್ನ ಅಜ್ಜಿ


ಟೆನೆಸೀ
ಏಪ್ರಿಲ್ 29, 2025

ಅಜ್ಜಿ,

ತಡವಾಯಿತು. ಬರೆಯಬೇಕೆನ್ನಿಸಲಿಲ್ಲ, ನಿಜ ಹೇಳಬೇಕೆಂದರೆ. ರೀಮಾಳ ವಿಷಯ ಕೇಳಿದರೆ ನೀನು ಪೀಚ್ ಹಣ್ಣಿನ ವಿಷಯ ಬರೆದೆ.

ನೀನು ಉತ್ತರಿಸದಿದ್ದರೇನು, ಉತ್ತರಿಸುವವರು ಸಿಕ್ಕಿದ್ದಾರೆ. ನಾಲ್ಕೈದು ರಾಜ್ಯಗಳ ಹುಡುಗರ ಒಂದು ಗುಂಪು, ಎಲ್ಲ ನಂಬಿಕೆಯ ಮನೆಗಳಿಂದ ಬಂದವರು. ಫೋನಿನಲ್ಲೇ ಸೇರುತ್ತೇವೆ. ನಮ್ಮ ಚರ್ಚುಗಳು ನಮ್ಮ ಕಣ್ಣಿಗೆ ಎಷ್ಟು ವರ್ಷ ಮಣ್ಣೆರಚಿವೆ ಎಂದು ಅಲ್ಲಿ ಗೊತ್ತಾಗುತ್ತದೆ. ಪತ್ರಿಕೆ ಯಾರ ಕೈಯಲ್ಲಿದೆ, ಬ್ಯಾಂಕು ಯಾರ ಕೈಯಲ್ಲಿದೆ, ಇಲ್ಲಿನ ರಾಜಕಾರಣಿಗಳನ್ನು ಕುಣಿಸುವವರು ಯಾರು, ಎಲ್ಲ. ನೀನು ದೇವರು ಆರಿಸಿದ ಜನ, ದೇವರು ಆರಿಸಿದ ಜನ ಎಂದು ತಲೆಯ ಮೇಲೆ ಕೂರಿಸಿಕೊಂಡೆಯಲ್ಲ, ಅವರು ನಿನ್ನನ್ನು ನೋಡಿ ನಗುತ್ತಾರೆ. ಥೆಲ್ಮಾ ಕೂಡ. ಬಾಗಿಲಿಂದ ಡಬ್ಬಿ ಕಿತ್ತಳಂತೆ, ಹೆದರುವಂಥದ್ದೇನೂ ಮಾಡದವರು ಯಾಕೆ ಹೆದರಬೇಕು?

ಒಂದು ವಿಷಯಕ್ಕೆ ನಿನಗೆ ಥ್ಯಾಂಕ್ಸ್. ಗುಂಪಿನಲ್ಲಿ ಈಗ ನನಗೆ ತುಂಬ ಮರ್ಯಾದೆ. ಯೆಹೂದ್ಯರ ಹಬ್ಬ, ಅವರ ಊಟ ಎಲ್ಲ ನನಗೆ ಬಾಯಿಪಾಠ, ನೀನು ಕಲಿಸಿದ್ದು. ಉಳಿದವರಿಗೆ ಏನೂ ತಿಳಿಯದು. ಅವರ ಮನೆಯನ್ನು ಬೀದಿಯಿಂದಲೇ ಗುರುತಿಸುವುದು ಹೇಗೆಂದು ಒಬ್ಬ ಕೇಳಿದ. ಬಾಗಿಲ ಬಲಗಡೆ ಓರೆಯಾಗಿ ಬಡಿದ ಡಬ್ಬಿ ನೋಡು ಎಂದು ಚಿತ್ರ ಬರೆದು ಹಾಕಿದೆ. ಎಲ್ಲರೂ ಭೇಷ್ ಎಂದರು.

ಆಮೋಸ್


ಟಲ್ಸಾ
ಮೇ 11, 2025

ಆಮೋಸ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೈಬರಹ ನಿನ್ನದೇ. ಮಾತು ಯಾರದೆಂದು ತಿಳಿಯಲಿಲ್ಲ.

ಪ್ರಪಂಚವೆಲ್ಲ ಅವರ ಕೈಯಲ್ಲಿದೆ ಎಂದೆಯಲ್ಲ, ಥೆಲ್ಮಾಳ ಕೈಯಲ್ಲಿರುವುದು ಸಂಧಿವಾತ. ಸೌತೆಕಾಯಿ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ತೆಗೆಸಿಕೊಳ್ಳಲು ಈಗೀಗ ನನ್ನ ಹತ್ತಿರ ಬರುತ್ತಾಳೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಯಾವ ರಾಜಕಾರಣಿಯನ್ನೂ ಕುಣಿಸಿದ ಹಾಗೆ ಕಾಣೆ, ಅವಳ ಬೆಕ್ಕೇ ಅವಳ ಮಾತು ಕೇಳುವುದಿಲ್ಲ.

ನಗುತ್ತಾರೆ ಎಂದೆಯಲ್ಲ, ಅದೊಂದು ನಿಜ. ಈ ವರ್ಷ ಅವಳನ್ನು ಚರ್ಚಿನ ಪಸ್ಕದ ಊಟಕ್ಕೆ ಕರೆದಿದ್ದೆ. ನಾನಾಗಿ ಅವಳನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಎಲ್ಲ ಕ್ರಮವಾಗಿ ಇಟ್ಟಿದ್ದೆವು. ಅವುಗಳ ಪಕ್ಕದಲ್ಲೇ ಹಾಯ್ಟ್‌ನ ಹೆಂಡತಿ ಜೇನು ಸವರಿ ಬೇಯಿಸಿದ ಹಂದಿಯ ತೊಡೆ ತಂದಿಟ್ಟಳು, ಪ್ರತಿ ವರ್ಷ ತರುವ ಹಾಗೆ. ಪ್ರತಿ ವರ್ಷ ನಾವೆಲ್ಲ ಬಾಯಿ ಚಪ್ಪರಿಸಿ ತಿಂದಿದ್ದೇವಲ್ಲ, ಆಮೋಸ್. ಯೆಹೂದ್ಯರು ಹಂದಿ ಮುಟ್ಟುವುದಿಲ್ಲವೆಂದು ಒಬ್ಬರಿಗಾದರೂ ಹೊಳೆಯಿತೇ? ಥೆಲ್ಮಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ಕಾರಿನಲ್ಲಿ ಕೂತ ಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ, "ಇಪ್ಪತ್ತೆರಡು ವರ್ಷ ಎದುರಿಗೇ ಇದೀನಿ. ಒಂದು ಕಪ್ ಕಾಫಿಗೆ ಕರೀಲಿಲ್ಲ ನೀನು. ಕರೆದಿದ್ದು ನನ್ನ ಹಬ್ಬವನ್ನ ನನಗೇ ತೋರಿಸೋಕೆ," ಎಂದಳು.

ಮನೆಗೆ ಬಂದು ನನ್ನ ಬಾಗಿಲ ಡಬ್ಬಿಯನ್ನು ಬೆರಳಿನಿಂದ ತಟ್ಟಿ, "ಇದರೊಳಗೆ ಏನಿದೆ ಗೊತ್ತಾ?" ಎಂದಳು. ಬಿಚ್ಚಿ ನೋಡಿದೆವು. ಖಾಲಿ. ಪ್ರವಾಸಿಗರಿಗೆ ಮಾರುವ ಡಬ್ಬಿಯೊಳಗೆ ಏನೂ ಇಡುವುದಿಲ್ಲವಂತೆ. ಇಪ್ಪತ್ತೇಳು ವರ್ಷ ನಾನು ಮುತ್ತಿಟ್ಟದ್ದು ಬರೀ ತಾಮ್ರಕ್ಕೆ. ನಾಚಿಕೆಯಾಯಿತು. ಆದರೂ ಮತ್ತೆ ಬಡಿದೆ, ಅವಳೇ ಮೊಳೆ ಹಿಡಿದುಕೊಂಡಳು.

ಆ ಹುಡುಗರ ಸಹವಾಸ ಬಿಡು. ಚಿತ್ರ ಬರೆದು ಕೊಟ್ಟೆಯಲ್ಲ, ಬೀದಿಯಲ್ಲಿ ಯೆಹೂದ್ಯರ ಮನೆ ಗುರುತಿಸಿ ಅವರಿಗೇನಾಗಬೇಕಿದೆ? ಹಾಲು ಹಾಕಬೇಕೇ? ಕೇಳಿದೆಯಾ ಅವರನ್ನು?

ಅಜ್ಜಿ


ಟಲ್ಸಾ
ಜೂನ್ 16, 2025

ಮುದ್ದು ಆಮೋಸ್,

ನೀನು ಬರೆಯಲಿಲ್ಲ, ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ತೋಟದ ಕೆಲಸದಲ್ಲಿ ಬಲಗೈ ಸ್ವಲ್ಪ ಉಳುಕಿದೆ. ದೊಡ್ಡದೇನಲ್ಲ.

ಮುಂಬಾಗಿಲು ಹಳತಾಗಿತ್ತು, ಬದಲಾಯಿಸುತ್ತಿದ್ದೇನೆ. ಹಸಿರು ಯಾಕೋ ಕಣ್ಣಿಗೆ ಹಿಡಿಸಲಿಲ್ಲ. ಇದು ಕಂದು ಬಣ್ಣದ ಗಟ್ಟಿ ಮರ. ಬೀಗವೂ ಹೊಸತು. ಕರೆಗಂಟೆ ಒತ್ತಿದರೆ ಒಳಗೆ ದೀಪ ಮಿನುಗುವ ಹಾಗೆ ಮಾಡಿಸಿದ್ದೇನೆ, ಕಿವುಡಿಗೆ ಅನುಕೂಲ.

ಪೀಚ್ ಈ ವರ್ಷ ಚೆನ್ನಾಗಿದೆ. ಉಳಿದಂತೆ ಹೇಳುವಂಥದ್ದೇನಿಲ್ಲ.

ಅಜ್ಜಿ


ಟೆನೆಸೀ
ಜೂನ್ 21, 2025

ಅಜ್ಜಿ,

ಪತ್ರ ಈಗಷ್ಟೇ ಸಿಕ್ಕಿತು. ಕೈ ಹೇಗಿದೆ? ಡಾಕ್ಟರಿಗೆ ತೋರಿಸಿದೆಯಾ, ಹೊಲಿಗೆ ಹಾಕಿದರಾ? ಗಾಜಿನ ಚೂರು ಕಾಲೊರಸಿನಲ್ಲಿ ಸಿಕ್ಕಿಕೊಂಡಿರುತ್ತದೆ, ಅದನ್ನು ಎಸೆದುಬಿಡು. ಬರಿಗಾಲಲ್ಲಿ ಓಡಾಡಬೇಡ. ಕೆಲವು ದಿನ ಒಬ್ಬಳೇ ಇರಬೇಡ. ಹಾಯ್ಟ್ ಮಾಮನ ಮನೆಗೆ ಹೋಗು, ಇಲ್ಲದಿದ್ದರೆ ಎದುರು ಮನೆಗೆ ಹೋಗು.

ಆ ಗುಂಪು ಬಿಟ್ಟಿದ್ದೇನೆ. ನೀನು ಹೇಳಿದ್ದು ಸರಿ. ಅದರ ಬಗ್ಗೆ ಇನ್ನು ಮಾತು ಬೇಡ. ಬೇಸಿಗೆಯ ತರಗತಿ ಮುಗಿದ ಮೇಲೆ ಆಗಸ್ಟಿನಲ್ಲಿ ಬರುತ್ತೇನೆ. ಅಲ್ಲ, ನೀನು ಬೇಕೆಂದರೆ ಈಗಲೇ ಬರುತ್ತೇನೆ.

ನಿನ್ನ ಆಮೋಸ್


ಟಲ್ಸಾ
ಜೂನ್ 27, 2025

ಆಮೋಸ್,

ನಾನು ಬಾಗಿಲ ವಿಷಯ ಬರೆದೆ. ಗಾಜಿನ ವಿಷಯ ಬರೆಯಲಿಲ್ಲ. ಉಳುಕಿದೆ ಎಂದು ಬರೆದೆ, ಕೊಯ್ದುಕೊಂಡಿದೆ ಎಂದು ಬರೆಯಲಿಲ್ಲ. ಉಳುಕಿದ ಕೈಗೆ ಯಾರೂ ಹೊಲಿಗೆ ಹಾಕುವುದಿಲ್ಲ.

ನಡೆದದ್ದನ್ನು ಈಗ ಹೇಳುತ್ತೇನೆ. ಜೂನ್ 12ರ ಬೆಳಿಗ್ಗೆ ಕಾಫಿಗೆ ನೀರಿಟ್ಟು ಪತ್ರಿಕೆ ತರಲು ಬಂದೆ. ಬಾಗಿಲ ಮೇಲಿನ ಗಾಜು ಪೂರ್ತಿ ಒಳಗೆ ಬಿದ್ದಿತ್ತು, ಕಾಲೊರಸಿನ ಮೇಲೆ ಅರ್ಧ ಇಟ್ಟಿಗೆ. ಕಿವಿಯ ಯಂತ್ರ ತೆಗೆದಿಟ್ಟು ಮಲಗುವವಳಿಗೆ ಏನು ಗೊತ್ತಾಗಬೇಕು? ಹೆಕ್ಕಲು ಹೋಗಿ ಅಂಗೈ ಸೀಳಿತು. ಹೊರಗೆ ಬಂದು ನೋಡಿದೆ. ಡಬ್ಬಿಯನ್ನು ಜಜ್ಜಿ ಹಾಕಿದ್ದರು. ಹಸಿರು ಬಾಗಿಲಿನ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಮಾತು ಬರೆದಿದ್ದರು. ಅದನ್ನು ಇಲ್ಲಿ ಬರೆಯಲಾರೆ. ಥೆಲ್ಮಾ ರಾತ್ರಿಯುಡುಪಿನಲ್ಲೇ ಓಡಿ ಬಂದು ನನ್ನ ಕೈಗೆ ಬಟ್ಟೆ ಸುತ್ತಿದಳು. ಕೈ ನೋಡುತ್ತಿದ್ದವಳು ತಲೆಯೆತ್ತಿ ಬಾಗಿಲನ್ನು ನೋಡಿದಳು. ಓದಿದಳು. ಮತ್ತೆ ಬಗ್ಗಿ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು.

ಇದನ್ನು ಪೊಲೀಸರಿಗೆ ಹೇಳಿದೆ, ಥೆಲ್ಮಾಳಿಗೆ ಗೊತ್ತು. ಚರ್ಚಿಗೆ ಕೂಡ ಹೇಳಿಲ್ಲ. ನಿನಗೆ ಹೇಳಲಿಲ್ಲ, ಯಾಕೆಂದರೆ ಓದು ಬಿಟ್ಟು ಓಡಿ ಬಂದೀಯೆಂದು. ನಿನಗೆ ನೋವಾಗುತ್ತದೆಂದು.

ನಿನಗೆ ಹೇಗೆ ಗೊತ್ತಾಯಿತು?

ಒಪಲ್


ಟೆನೆಸೀ
ಜುಲೈ 5, 2025

ಅಜ್ಜಿ,

ಸುಳ್ಳು ಹೇಳಬಹುದೇ ಎಂದು ನಾಲ್ಕು ದಿನ ಯೋಚಿಸಿದೆ. ಹೊಳೆದ ಸುಳ್ಳುಗಳೆಲ್ಲ ನಿನ್ನ ಮುಂದೆ ನಿಲ್ಲುವಂಥವಲ್ಲ.

ಅವತ್ತು ಗುಂಪಿನಲ್ಲಿ ಒಬ್ಬ ಫೋಟೋ ಹಾಕಿದ. ಅವನು ಟಲ್ಸಾದವನೆಂದು ನನಗೆ ತಿಳಿದಿರಲಿಲ್ಲ, ನಾನು ಟಲ್ಸಾದವನೆಂದು ಅವನಿಗೂ ತಿಳಿದಿರಲಿಲ್ಲ. ಅಲ್ಲಿ ಯಾರೂ ಊರು ಹೇಳುವುದಿಲ್ಲ. ಒಡೆದ ಗಾಜು, ಜಜ್ಜಿದ ಡಬ್ಬಿ, ಹಸಿರು ಬಾಗಿಲ ಮೇಲೆ ಕಪ್ಪು ಅಕ್ಷರ. ಕೆಳಗೆ ನನ್ನ ಹೆಸರು ಹಾಕಿ, ಪಾಠ ಹೇಳಿಕೊಟ್ಟ ಗುರುವಿಗೆ ವಂದನೆ ಎಂದು ಬರೆದಿದ್ದ.

ನಾನು ನಕ್ಕೆ, ಅಜ್ಜಿ. ನಗುವ ಮುಖದ ಚಿಹ್ನೆ ಒತ್ತಿ ಕಳಿಸಿದೆ. ನೀನು ಬಾಗಿಲಿಗೆ ಹಸಿರು ಹೊಡೆಸಿದ್ದನ್ನು ಪತ್ರದಲ್ಲಿ ಓದಿದ್ದೆ, ಆದರೂ ಹೊಳೆಯಲಿಲ್ಲ. ಆಮೇಲೆ ಫೋಟೋದ ಮೂಲೆಯಲ್ಲಿ ತೂಗುಮಂಚದ ತುದಿ ಕಾಣಿಸಿತು. ನೀಲಿ ಬಣ್ಣ.

ಅವತ್ತಿನಿಂದ ನನ್ನನ್ನು ತಿನ್ನುತ್ತಿರುವುದು ಇದು: ಆ ನೀಲಿ ಕಾಣಿಸದಿದ್ದರೆ ಇವತ್ತಿಗೂ ನಗುತ್ತಿದ್ದೆ. ಅದು ಥೆಲ್ಮಾಳ ಬಾಗಿಲಾಗಿದ್ದರೆ ನಗುತ್ತಲೇ ಇರುತ್ತಿದ್ದೆ. ಗುಂಪು ಬಿಟ್ಟೆ ಎಂದು ಬರೆದೆನಲ್ಲ, ನೀನು ಹೇಳಿದ್ದು ಸರಿ ಎನ್ನಿಸಿ ಬಿಟ್ಟದ್ದಲ್ಲ. ಹೆದರಿ ಬಿಟ್ಟೆ.

ರೀಮಾಳ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ. ಅವಳಾದರೂ ನನ್ನ ಕಡೆಗಿರುತ್ತಾಳೆ ಎಂದುಕೊಂಡಿದ್ದೆ. "ಬೇರೆ ಯಾರದೋ ಬಾಗಿಲು ಒಡೆಯೋಕೆ ನನ್ನ ಅತ್ತೆ ಸಾವು ಬೇಕಾಯ್ತಾ ನಿನಗೆ? ನಮ್ಮ ಮನೆ ಬಾಗಿಲೂ ಒಡೆದವರಿದಾರೆ, ಆಮೋಸ್. ಆ ಸದ್ದು ನನಗೆ ಗೊತ್ತು," ಎಂದು ಎದ್ದು ಹೋದಳು. ಈಗ ಬೇಸಿಗೆಯ ತರಗತಿಯಲ್ಲಿ ಬೇರೆ ಸಾಲಿನಲ್ಲಿ ಕೂರುತ್ತಾಳೆ.

ಆ ಫೋಟೋ, ಅವನ ಅಡ್ಡಹೆಸರು, ನಾನು ಬರೆದ ಚಿತ್ರ, ಎಲ್ಲ ನನ್ನ ಫೋನಿನಲ್ಲಿ ಇನ್ನೂ ಇವೆ. ಅಳಿಸಲೇ? ಪೊಲೀಸರಿಗೆ ಕೊಟ್ಟರೆ ನನ್ನ ಹೆಸರೂ ಹೋಗುತ್ತದೆ, ಕಾಲೇಜು ಹೊರಗೆ ಹಾಕುತ್ತದೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಒಂದೇ ಒಂದು ಬೇಡುತ್ತೇನೆ, ಥೆಲ್ಮಾಳಿಗೆ ಹೇಳಬೇಡ.

ಆಮೋಸ್


ಟಲ್ಸಾ
ಜುಲೈ 14, 2025

ಆಮೋಸ್,

ಥೆಲ್ಮಾಳಿಗೆ ಹೇಳಿದೆ.

ನಿನ್ನ ಪತ್ರ ಹಿಡಿದುಕೊಂಡೇ ರಸ್ತೆ ದಾಟಿದೆ. ಅವಳು ಕನ್ನಡಕ ಹಾಕಿಕೊಂಡು, ಮಕ್ಕಳ ಲೆಕ್ಕ ತಿದ್ದುವವಳ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಪತ್ರ ಮಡಿಸಿ ಮೇಜಿನ ಮೇಲಿಟ್ಟು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಅಳೋದಿದ್ರೆ ನಿನ್ ಮನೇಲಿ ಅಳು, ಒಪಲ್. ನಿನ್ನ ಸಮಾಧಾನ ಮಾಡೋ ಕೆಲಸ ಇವತ್ತು ನನ್ ಕೈಲಾಗಲ್ಲ. ಆ ಇಟ್ಟಿಗೆ ನನಗೆ ಅಂತ ಬಂದಿದ್ದು. ನೀನು ಅಡ್ಡ ಸಿಕ್ಕಿದೆ ಅಷ್ಟೆ."

ಎದ್ದು ಬಂದೆ. ಅಂದಿನಿಂದ ಅವಳು ಕೈ ಬೀಸಿಲ್ಲ. ಉಪ್ಪಿನಕಾಯಿ ಬಾಟಲಿ ಯಾರಿಂದ ತೆಗೆಸಿಕೊಳ್ಳುತ್ತಾಳೋ ಗೊತ್ತಿಲ್ಲ. ನೀನು ಒಡೆದದ್ದು ಗಾಜು ಒಂದನ್ನೇ ಎಂದುಕೊಳ್ಳಬೇಡ.

ನನ್ನ ತಪ್ಪನ್ನೂ ಬರೆದುಬಿಡುತ್ತೇನೆ, ನಿನ್ನ ತಪ್ಪನ್ನು ಹಗುರ ಮಾಡಲಿಕ್ಕಲ್ಲ. ಫೆಬ್ರವರಿಯಲ್ಲಿ ನೀನು ನ್ಯಾಯವಾದ ಒಂದು ಪ್ರಶ್ನೆ ಕೇಳಿದ್ದೆ. ರೀಮಾಳೂರಿಗೆ ನಾನು ಹೋಗಿದ್ದು ನಿಜ, ಬಸ್ಸಿನಿಂದ ಇಳಿದದ್ದು ನಿಜ. ಅಲ್ಲಿ ಒಬ್ಬ ಹೆಂಗಸು ಆಲಿವ್ ಮರದ ಶಿಲುಬೆ ಮಾರುತ್ತಿದ್ದಳು, ತಾನೂ ಕ್ರೈಸ್ತಳೆಂದು ಎದೆ ಮುಟ್ಟಿಕೊಂಡು ತೋರಿಸಿದಳು. ನಾನು ನಕ್ಕು ಬಸ್ಸು ಹತ್ತಿದೆ. ಇಪ್ಪತ್ತೇಳು ವರ್ಷ ಅವಳು ನನ್ನ ನೆನಪಿಗೇ ಬರಲಿಲ್ಲ. ನಿನ್ನ ಪತ್ರ ಬಂದಾಗ ನೆನಪಾದಳು, ಅದಕ್ಕೇ ಪೀಚ್ ಹಣ್ಣಿನ ಬಗ್ಗೆ ಬರೆದೆ. ಅಲ್ಲಿನ ಅವಳನ್ನೂ ನೋಡಲಿಲ್ಲ, ಎದುರು ಮನೆಯ ಇವಳನ್ನೂ ನೋಡಲಿಲ್ಲ. ಇಸ್ರೇಲ್ ಇಸ್ರೇಲ್ ಎಂದು ಕೊಂಬು ಊದಿದೆವು. ನೀನು ನನ್ನ ಪ್ರೀತಿ ಬಿಟ್ಟು ದ್ವೇಷ ಹಿಡಿದೆ. ಎರಡರಲ್ಲೂ ಥೆಲ್ಮಾ ಇರಲಿಲ್ಲ, ಅವಳ ಬಾಗಿಲಷ್ಟೇ ಇತ್ತು.

ಈಗ ನೀನು ಮಾಡಬೇಕಾದ್ದು. ಏನನ್ನೂ ಅಳಿಸಬೇಡ. ಈ ಪತ್ರದ ಜೊತೆ ಪೊಲೀಸ್ ಅಧಿಕಾರಿಯ ಕಾರ್ಡ್ ಇಟ್ಟಿದ್ದೇನೆ. ನಾನು ಅವರಿಗೆ ಫೋನ್ ಮಾಡುವುದಿಲ್ಲ, ಕೇಳದ ಕಿವಿಯ ನೆಪ ಹೇಳಿಯಲ್ಲ, ನೀನೇ ಮಾಡಬೇಕೆಂದು. ಆ ಫೋಟೋ, ಅವನ ಅಡ್ಡಹೆಸರು, ನಿನ್ನ ಚಿತ್ರ ಎಲ್ಲ ಅವರ ಕೈಗೆ ಹೋಗಲಿ. ಕಾಲೇಜು ಹೊರಗೆ ಹಾಕಿದರೆ ಹಾಕಲಿ, ನಿನಗೆ ಊಟ ಹಾಕಲು ನನಗಿನ್ನೂ ಶಕ್ತಿಯಿದೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಆಮೇಲೂ ಮಾಡದಿದ್ದರೆ ನಿನ್ನ ಜುಲೈ 5ರ ಪತ್ರವನ್ನು ನಾನೇ ಒಯ್ದು ಕೊಟ್ಟು ಬರುತ್ತೇನೆ. ಬಸ್ ಹತ್ತುವ ಮುಂಚೆ ಅಳುತ್ತೇನೆ, ಆದರೆ ಹತ್ತುತ್ತೇನೆ.

ಅದಾದ ಮೇಲೆ ಬಾ. ಚೌಕಟ್ಟು ಹಳೆಯದೇ, ಡಬ್ಬಿಯಿದ್ದ ಜಾಗದಲ್ಲಿ ಮೊಳೆಯ ಎರಡು ತೂತುಗಳಿವೆ. ಮುಚ್ಚಿಸಿಲ್ಲ. ನಿನ್ನ ಹತ್ತಿರ ಇರುವ ಕೀಲಿ ಈ ಬೀಗಕ್ಕೆ ಹೊಂದುವುದಿಲ್ಲ. ಕರೆಗಂಟೆ ಒತ್ತಬೇಕು. ಒಳಗೆ ದೀಪ ಮಿನುಗುತ್ತದೆ, ನಾನು ಬರುವುದು ನಿಧಾನ, ಬಿಸಿಲಲ್ಲಿ ನಿಂತಿರು. ಸರಪಳಿ ಹಾಕಿಕೊಂಡೇ ಬಾಗಿಲು ಸ್ವಲ್ಪ ತೆರೆಯುತ್ತೇನೆ, ಈಗ ಎಲ್ಲರಿಗೂ ಹಾಗೇ ತೆರೆಯುತ್ತೇನೆ. ಹದಿನೇಳು ವರ್ಷ ನೀನು ಈ ಮನೆಗೆ ಓಡಿ ಬಂದಾಗ ಯಾರು ಎಂದು ನಾನು ಒಮ್ಮೆಯೂ ಕೇಳಿದವಳಲ್ಲ.

ಈ ಸಲ ಕೇಳುತ್ತೇನೆ. ಎದುರು ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳು.

ಅಜ್ಜಿ